ಗುರುವೂ ಲಘುವೂ



ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ಛಂದಸ್ಸನ್ನು ಹೇಳಿಕೊಟ್ಟು ನಿವೃತ್ತನಾದ ಉಪಾಧ್ಯಾಯನು ನಾನು. ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಅಕ್ಷರವು ಲಘು. ಎರಡು ಮಾತ್ರೆಯ ಕಾಲವನ್ನು ತೆಗೆದುಕೊಳ್ಳುವುದು ಗುರು. ಮಾತ್ರಾಗಣಗಳಲ್ಲಿ ಒಂದು ಗುರುವಿನ ಸ್ಥಾನದಲ್ಲಿ ಎರಡು ಲಘುಗಳನ್ನಿಟ್ಟರೂ ಲೆಕ್ಕ ಕೆಡುವುದಿಲ್ಲ. ಈ ಮಾತನ್ನು ಎಷ್ಟು ಸಾವಿರ ಸಲ ಹೇಳಿರುವೆನೋ ನನಗೇ ತಿಳಿಯದು. ಆದರೆ ಗುರುವೆಂಬ ಶಬ್ದಕ್ಕೆ ‘ಭಾರವಾದುದು’ ಎಂಬುದೇ ಮೂಲಾರ್ಥವೆಂಬುದನ್ನು ಪುಸ್ತಕದಿಂದ ಮಾತ್ರ ಬಲ್ಲವನಾಗಿದ್ದೆನು. ಮೈಯಿಂದ ಅರಿತದ್ದು ಅರವತ್ತನೆಯ ವಯಸ್ಸಿನಲ್ಲಿ, ನಮ್ಮ ಮನೆಯ ಮೆಟ್ಟಿಲುಗಳ ತಿರುವಿನಲ್ಲಿ. ಈ ತಿಂಗಳ ಬರಹವು ಆ ಪಾಠದ ವಿಷಯವಾಗಿಯೇ ಇರುವುದು.

ನನ್ನ ಕಿರಿಯ ಮಗನು ಬೆಂಗಳೂರಿನ ಒಂದು ಕಂಪೆನಿಯಲ್ಲಿ ಕೆಲಸದಲ್ಲಿರುವನು. ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತಿರುವ ಈತನು ಶನಿವಾರ ಸಾಯಂಕಾಲವಾಯಿತೆಂದರೆ ನಾಲ್ವರು ಸ್ನೇಹಿತರೊಡನೆ ಸೇರಿ ಬೇಸ್ ಗಿಟಾರ್ ನುಡಿಸುವನು. ಅರಿಯದ ವಾಚಕರಿಗಾಗಿ ಹೇಳುವುದಾದರೆ, ಇದು ನಾಲ್ಕು ದಪ್ಪ ತಂತಿಗಳುಳ್ಳ, ಮಂದ್ರಸ್ಥಾಯಿಯಲ್ಲಿ ನುಡಿಯುವ ವಿದ್ಯುತ್ ಗಿಟಾರು. ಮೇಳದಲ್ಲಿ ಇದರ ಸ್ಥಾನವು ಮನೆಯ ತಳಪಾಯದ ಸ್ಥಾನವೇ ಸರಿ. ಇದ್ದಾಗ ಯಾರೂ ಗಮನಿಸರು. ಇಲ್ಲವಾದರೆ ಏನೋ ಕೊರತೆಯಾಯಿತೆಂದು ಎಲ್ಲರೂ ಹೇಳುವರು. ವಾದ್ಯವನ್ನು ಸುಮ್ಮನೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ಅದರ ದನಿಯು ಸಭೆಗೆ ಕೇಳಬೇಕಾದರೆ ಧ್ವನಿವರ್ಧಕ ಬೇಕು. ಭಾರದ ಕಥೆ ಪ್ರಾರಂಭವಾಗುವುದು ಇಲ್ಲಿಂದ.

ಊರು ಬಿಟ್ಟು ಹೋಗುತ್ತಿದ್ದ ಒಬ್ಬ ವಾದಕನಿಂದ ನನ್ನ ಮಗನು ಹಳೆಯ ಧ್ವನಿವರ್ಧಕವೊಂದನ್ನು ಕೊಂಡು ತಂದನು. ಅದರಲ್ಲಿ ಎರಡು ಭಾಗಗಳು. ಮೇಲಿನ ಪೆಟ್ಟಿಗೆಯಲ್ಲಿ ಗಾಜಿನ ವಾಲ್ವುಗಳೂ ಕಬ್ಬಿಣದ ಟ್ರಾನ್ಸ್‌ಫಾರ್ಮರುಗಳೂ ಇದ್ದವು. ಇದನ್ನು ವಾದಕರು ‘ಹೆಡ್’ ಎನ್ನುವರು. ಕೆಳಗಿನದು ಹತ್ತು ಅಂಗುಲದ ಎಂಟು ಸ್ಪೀಕರುಗಳನ್ನು ಒಡಲಲ್ಲಿ ಇರಿಸಿಕೊಂಡ, ನನ್ನ ಎದೆಯೆತ್ತರದ ಮರದ ಪೆಟ್ಟಿಗೆ. ನಾವಿರುವುದು ಬಸವನಗುಡಿಯ ಕಡೆ, ಎರಡನೆಯ ಮಹಡಿಯಲ್ಲಿ, ಲಿಫ್ಟು ಇಲ್ಲ. ಇಬ್ಬರು ಹಮಾಲಿಗಳು ಬೆವರು ಸುರಿಸುತ್ತ ಅದನ್ನು ಮೇಲಕ್ಕೆ ತಂದಿಟ್ಟರು. ಆಗ ನಾನು ಒಂದು ಕುಹಕದ ಮಾತನ್ನಾಡಿದೆನು: “ಲೋಕದ ಸರಸ್ವತಿಗೆ ಕೈಯಲ್ಲೊಂದು ವೀಣೆ ಸಾಕು. ನಿನ್ನ ಸರಸ್ವತಿಗೆ ಎತ್ತಿನ ಗಾಡಿಯೇ ಬೇಕಾಯಿತಲ್ಲಪ್ಪಾ!” ಮಗನು ನಕ್ಕು ಸುಮ್ಮನಾದನು. ಆ ಮಾತನ್ನು ಈಗ ನೆನೆದರೆ ನನಗೆ ನಾಚಿಕೆಯಾಗುವುದು.

ಕಳೆದ ಮಾಘದಲ್ಲಿ ಒಂದು ರಾತ್ರಿ ಕಾರ್ಯಕ್ರಮ ಮುಗಿಸಿಕೊಂಡು ಅವನು ಮನೆಗೆ ಬಂದಾಗ ಒಂದು ಗಂಟೆ ಮೀರಿದ್ದಿತು. ಲಗೇಜ್ ಆಟೋದವನು ಸಾಮಾನುಗಳನ್ನು ಬಾಗಿಲಲ್ಲಿ ಇಳಿಸಿ ಹೊರಟುಹೋದನು. ಜೊತೆಗೆ ಬರಬೇಕಾಗಿದ್ದ ಸ್ನೇಹಿತನು ಬಂದಿರಲಿಲ್ಲ. ರಸ್ತೆಯಲ್ಲಿ ಬಿಡುವಂತಿಲ್ಲವಾಗಿ ನಾನೇ ಪಂಚೆ ಎತ್ತಿಕಟ್ಟಿಕೊಂಡು ಕೆಳಗಿಳಿದೆನು. “ಅಪ್ಪಾ, ನೀವು ಬೇಡ” ಎಂದು ಅವನು ಅಂದನು, ನಾನು ಕೇಳಲಿಲ್ಲ. ನಾನು ಮೇಲುಗಡೆ, ಅವನು ಕೆಳಗಡೆ, ಹೀಗೆ ದೊಡ್ಡ ಪೆಟ್ಟಿಗೆಯನ್ನು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದೆವು. ಮೊದಲನೆಯ ಮಹಡಿಯ ತಿರುವಿನಲ್ಲಿ ಪೆಟ್ಟಿಗೆಯನ್ನು ಓರೆ ಮಾಡಬೇಕಾಯಿತು. ಬೆವರಿದ ನನ್ನ ಕೈ ಜಾರಿತು. ಭಾರವೆಲ್ಲವೂ ಒಮ್ಮೆಗೇ ಅವನ ಕಡೆಗೆ ಬಿದ್ದು, ಪೆಟ್ಟಿಗೆಗೂ ಗೋಡೆಗೂ ನಡುವೆ ಅವನ ಎಡಗೈ ಸಿಕ್ಕಿಕೊಂಡಿತು. ಎಡಗೈಯೆಂದರೆ ತಂತಿಗಳನ್ನು ಒತ್ತುವ ಕೈ. ಅವನು ಕೂಗಲಿಲ್ಲ. “ಅಪ್ಪಾ, ನಿಮಗೇನೂ ಆಗಲಿಲ್ಲವಷ್ಟೆ?” ಎಂದು ಕೇಳಿದನು.

ಅನಾಮಿಕೆಯ ತುದಿಯ ಮೂಳೆಯಲ್ಲಿ ಬಿರುಕು ಬಿಟ್ಟಿದೆಯೆಂದೂ ಆರು ವಾರ ವಾದ್ಯವನ್ನು ಮುಟ್ಟಕೂಡದೆಂದೂ ವೈದ್ಯರು ಹೇಳಿ, ನೋವಿಗೆ ಮಾತ್ರೆ ಬರೆದುಕೊಟ್ಟರು. ನಾನು ಜೀವಮಾನವಿಡೀ ಎಣಿಸಿದ ಮಾತ್ರೆಗಳೇ ಬೇರೆ, ಅಂದು ರಾತ್ರಿ ಎಣಿಸಿದ ಮಾತ್ರೆಗಳೇ ಬೇರೆ. “ಮಾರಿಬಿಡಲಿ, ಕೈಕಾಲು ಮುರಿಯುವ ಸಂಗೀತ ಯಾರಿಗೆ ಬೇಕು?” ಎಂದಳು ನನ್ನ ಧರ್ಮಪತ್ನಿ. ಮಗನು “ಮಾರುತ್ತೇನಮ್ಮ” ಎಂದುಬಿಟ್ಟನು. ವಾದ್ಯವನ್ನೂ ಸೇರಿಸಿಯೇ ಹಾಗೆ ಹೇಳಿದನೆಂಬುದು ಅವನ ಮುಖದಿಂದ ನನಗೆ ತಿಳಿಯಿತು. ಜಾರಿದ್ದು ನನ್ನ ಕೈ. ನನ್ನ ಕೈಯಿಂದಾಗಿ ಅವನ ಮೇಳದ ತಳಪಾಯವು ಕುಸಿಯಬಾರದೆಂದು ನನಗೆ ತೋರಿತು. “ಆರು ವಾರ ಹೇಗೂ ನುಡಿಸುವಂತಿಲ್ಲ. ಅಲ್ಲಿಯವರೆಗೆ ಮಾರಬೇಡ. ಈ ಭಾರವು ಯಾವುದರಿಂದ ಬಂತು, ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಇಬ್ಬರೂ ನೋಡೋಣ” ಎಂದೆನು.

ಮೊದಲು ತೂಕದ ಪಟ್ಟಿ ಮಾಡಿದೆವು. ಮೈತೂಕ ನೋಡುವ ಯಂತ್ರದ ಮೇಲೆ ಹಲಗೆಯಿಟ್ಟು ಒಂದೊಂದನ್ನೇ ಏರಿಸಿದೆವು. ಸ್ಪೀಕರಿನ ಪೆಟ್ಟಿಗೆ ೬೪ ಕಿಲೋ. ಮೇಲಿನ ಹೆಡ್ ೩೮ ಕಿಲೋ. ಗಟ್ಟಿ ಪೆಟ್ಟಿಗೆಯೊಳಗಿನ ಗಿಟಾರು ೯ ಕಿಲೋ. ತಂತಿಗಳ ಚೀಲ ೯ ಕಿಲೋ. ಒಟ್ಟು ೧೨೦ ಕಿಲೋ. ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದಾದರೆ, ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರು ಸುಮಾರು ೩೦ ಕಿಲೋ ತೂಗುವುದು. ಆದುದರಿಂದ ನಮ್ಮ ಹುಡುಗನು ಪ್ರತಿ ಕಾರ್ಯಕ್ರಮಕ್ಕೂ ನಾಲ್ಕು ತುಂಬಿದ ಸಿಲಿಂಡರುಗಳನ್ನು ಎರಡು ಮಹಡಿ ಇಳಿಸಿ, ಪುನಃ ಹತ್ತಿಸುತ್ತಿದ್ದನು. ಚೀಲವನ್ನು ಬಿಚ್ಚಿ ನೋಡಿದರೆ ಅದರಲ್ಲಿ ಕೆಟ್ಟುಹೋದ ಕೇಬಲುಗಳು ಮೂರು, ಬೀಗದ ಕೈಯಿಲ್ಲದ ಹಿತ್ತಾಳೆಯ ಬೀಗ ಒಂದು, ಯಾರದೋ ಕಬ್ಬಿಣದ ಸ್ಟ್ಯಾಂಡು ಒಂದು. ಅವುಗಳನ್ನು ತೆಗೆದಿಟ್ಟೊಡನೆ ೯ ಕಿಲೋ ೪ ಆಯಿತು. ಅರ್ಧಮಾತ್ರೆಯನ್ನು ಉಳಿಸಿದರೂ ವೈಯಾಕರಣರು ಹಬ್ಬ ಮಾಡುವರೆಂದು ಲೋಕವು ನಗುವುದುಂಟು. ನಾವು ೫ ಕಿಲೋ ಉಳಿಸಿದವರು. ಆ ದಿನ ಕಾಫಿಗೆ ಸಕ್ಕರೆ ಒಂದು ಚಮಚ ಹೆಚ್ಚಾಯಿತು.

ಇನ್ನು ಉಳಿದ ಭಾರಕ್ಕೆ ಕಾರಣವೇನು? ಮಂದ್ರಧ್ವನಿಯ ಸ್ವಭಾವವೇ ಮೊದಲನೆಯ ಕಾರಣ. ಬೇಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿಯು ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುವುದು. ಗಾಳಿಯಲ್ಲಿ ಆ ಧ್ವನಿಯ ಒಂದೊಂದು ತರಂಗವೂ ಎಂಟು ಮೀಟರಿಗಿಂತ ಉದ್ದ. ನಮ್ಮ ಮನೆಯ ನಡುಮನೆಯಲ್ಲಿ ಅದು ಹಿಡಿಸಲಾರದು. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಗಟ್ಟಿಯಾಗಿ ಕೇಳಿಸಬೇಕಾದರೆ ಸ್ಪೀಕರಿನ ಕಾಗದದ ಬಟ್ಟಲು ನಾಲ್ಕರಷ್ಟು ದೂರ ಹಿಂದುಮುಂದಾಗಿ ಚಲಿಸಬೇಕು. ಸಾಲದುದಕ್ಕೆ, ಮನುಷ್ಯನ ಕಿವಿಯು ಮಂದ್ರಕ್ಕೆ ಸ್ವಲ್ಪ ಮಂದವೇ. ಆದುದರಿಂದ ಬಟ್ಟಲುಗಳು ದೊಡ್ಡವಾಗಿಯೋ ಹಲವಾಗಿಯೋ ಇರಬೇಕು. ಶಕ್ತಿಯೂ ಹೆಚ್ಚಾಗಿ ಬೇಕು. ಬಟ್ಟಲಿನ ಮುಂದೆ ಹುಟ್ಟಿದ ಅಲೆಯನ್ನು ಹಿಂದೆ ಹುಟ್ಟಿದ ಅಲೆಯು ಅಳಿಸಿಹಾಕದಂತೆ ಸುತ್ತಲೂ ಭದ್ರವಾದ ಪೆಟ್ಟಿಗೆ ಬೇಕು. ಹಲಗೆ ತೆಳುವಾದರೆ ಪೆಟ್ಟಿಗೆಯೇ ನಡುಗಿ ಅಪಸ್ವರ ನುಡಿಯುವುದು.

ಧ್ವನಿಯು ಹಿಂದಿನ ಸಾಲಿನವರೆಗೆ ತಲುಪಬೇಕೆಂಬ ಹಂಬಲ ನಮ್ಮವರಿಗೂ ಹೊಸದಲ್ಲ. ತಿರುಮಕೂಡಲಿನ ಪಿಟೀಲು ಚೌಡಯ್ಯನವರು ತಮ್ಮ ವಾದ್ಯಕ್ಕೆ ಏಳು ತಂತಿಗಳನ್ನು ಹೂಡಿದುದು ಇದೇ ಉದ್ದೇಶದಿಂದ; ದೊಡ್ಡ ಸಭೆಯ ಕೊನೆಯಲ್ಲಿ ಕುಳಿತವರಿಗೂ ನಾದವು ಕೇಳಿಸಬೇಕೆಂದು. ಪಶ್ಚಿಮದ ಮೇಳಗಳಲ್ಲಿ ಮಂದ್ರವನ್ನು ನುಡಿಸುತ್ತಿದ್ದುದು ಆಳೆತ್ತರದ ದೊಡ್ಡ ಪಿಟೀಲು. ಅದನ್ನು ನಿಂತು ನುಡಿಸಬೇಕು, ಹೊತ್ತು ತಿರುಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬವರು ೧೯೫೧ರಲ್ಲಿ, ಕೊರಳಿಗೆ ಹಾಕಿಕೊಂಡು ನುಡಿಸಬಹುದಾದ ವಿದ್ಯುತ್ ಬೇಸ್ ಗಿಟಾರನ್ನು ಮಾರಾಟಕ್ಕೆ ತಂದರು. ವಾದ್ಯವೇನೋ ಹಗುರವಾಯಿತು. ಆದರೆ ಅದಕ್ಕೆ ಬೇಕಾದ ಧ್ವನಿವರ್ಧಕವು ೧೯೫೨ರಲ್ಲಿ ಬಂದು, ವರ್ಷವರ್ಷಕ್ಕೆ ಬೆಳೆಯಿತು. ೧೯೬೯ರಲ್ಲಿ ಆಂಪೆಗ್ ಎಂಬ ಕಂಪೆನಿಯು ೩೦೦ ವಾಟಿನ, ಹದಿನಾಲ್ಕು ವಾಲ್ವುಗಳ ಯಂತ್ರವನ್ನು ಹೊರತಂದಿತು. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ಮೇಳದವರು ಅಮೆರಿಕದ ಪ್ರವಾಸದಲ್ಲಿ ಅದನ್ನು ಬಳಸಿದರು. ಅದರೊಡನೆ ಎಂಟು ಸ್ಪೀಕರುಗಳ ಪೆಟ್ಟಿಗೆಯೂ ಪ್ರಸಿದ್ಧವಾಯಿತು. ನಮ್ಮ ಮನೆಗೆ ಬಂದುದು ಇದೇ ಅಂದದ ಪೆಟ್ಟಿಗೆ. ವಾದ್ಯದಿಂದ ಇಳಿದ ಭಾರವು ಧ್ವನಿವರ್ಧಕದಲ್ಲಿ ಹೋಗಿ ಕುಳಿತುಕೊಂಡಿತೆಂದು ತಿಳಿಯಬೇಕು.

ಭಾರವು ಹೀಗೆ ಸ್ಥಳ ಬದಲಾಯಿಸುವುದು ಯಂತ್ರಗಳಲ್ಲಿ ಮಾತ್ರವಲ್ಲ. ನಮ್ಮ ಹುಡುಗನು ಕೈಯಲ್ಲಿ ಹಣವಿದ್ದ ದಿನ ಹಮಾಲಿಯನ್ನು ಕರೆಯುತ್ತಿದ್ದನು. ಆ ದಿನಗಳಲ್ಲಿ ನಾವು “ಇವತ್ತು ಕಷ್ಟವಾಗಲಿಲ್ಲ” ಎನ್ನುತ್ತಿದ್ದೆವು. ಯಾರಿಗೆ ಕಷ್ಟವಾಗಲಿಲ್ಲ? ವಯಸ್ಕನಾದ ಗಂಡಸು ಹೊರಬಹುದಾದ ಭಾರವು ೫೫ ಕಿಲೋವನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ ಶಿಫಾರಸು ಮಾಡಿದೆ. ನಮ್ಮ ಪೆಟ್ಟಿಗೆ ೬೪ ಕಿಲೋ. ಅದನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಇಳಿಸಿದ ದಿನವೂ ಉಂಟು; ನಾನು ಮೇಲಿನಿಂದ ನೋಡುತ್ತ “ಗೋಡೆಗೆ ತಗುಲೀತು, ಜೋಪಾನ” ಎಂದು ಕೂಗಿದ್ದುಂಟು. ಗೋಡೆಯ ಸುಣ್ಣಕ್ಕಿದ್ದ ಮರ್ಯಾದೆ ಆ ಮನುಷ್ಯನ ಸೊಂಟಕ್ಕೆ ಇರಲಿಲ್ಲ. ಮಗನ ಬೆರಳು ಜಜ್ಜಿದ ಮೇಲೆಯೇ ಇದು ನನಗೆ ಹೊಳೆದದ್ದೆಂಬುದನ್ನು ಮರೆಮಾಚದೆ ಹೇಳುತ್ತಿದ್ದೇನೆ.

ಇರಲಿ, ಈಗ ಉಪಾಯಗಳಿಗೆ ಬರೋಣ. ಇದೇ ಕಷ್ಟದಲ್ಲಿರುವ ಹುಡುಗರೋ ಹುಡುಗಿಯರೋ ವಾಚಕರ ಮನೆಗಳಲ್ಲಿಯೂ ಇರಬಹುದಾದುದರಿಂದ ನಾವು ಮಾಡಿದುದನ್ನು ಕ್ರಮವಾಗಿ ಹೇಳುವೆನು.

ಹೊರುವ ಮೊದಲು, ಹೊರಲೇಬೇಕೇ ಎಂದು ಕೇಳುವುದು ಮೊದಲ ಉಪಾಯ. ದೊಡ್ಡ ಸಭಾಂಗಣಗಳಲ್ಲಿ ಜನರಿಗೆ ಕೇಳಿಸುವುದು ಸಭಾಂಗಣದ ಸ್ವಂತ ಸ್ಪೀಕರುಗಳ ಧ್ವನಿ. ಡಿ.ಐ. ಎಂಬ ಅಂಗೈಯಗಲದ ಪೆಟ್ಟಿಗೆಯ ಮೂಲಕ ಗಿಟಾರಿನ ತಂತಿಯನ್ನು ಅಲ್ಲಿನ ಮಿಕ್ಸರಿಗೆ ಸೇರಿಸಿದರೆ ಕೆಲಸವಾಯಿತು. ವೇದಿಕೆಯ ಮೇಲಿರುವ ಪೆಟ್ಟಿಗೆಯು ವಾದಕರ ಕಿವಿಗೆ ಮಾತ್ರ. ಒಂದು ದಿನ ಮುಂಚಿತವಾಗಿ ಫೋನು ಮಾಡಿ ವಿಚಾರಿಸಿದ್ದರೆ ನಮ್ಮ ಹುಡುಗನು ಎಷ್ಟೋ ಸಲ ಬರಿಗೈಯಲ್ಲಿ ಹೋಗಬಹುದಾಗಿದ್ದಿತು.

ಎರಡನೆಯದು ಚಕ್ರ. ಪೆಟ್ಟಿಗೆಗೆ ಮೊದಲೇ ಎರಡು ಅಂಗುಲದ ಪುಟ್ಟ ಗಾಲಿಗಳಿದ್ದವು. ನುಣುಪಾದ ನೆಲದ ಮೇಲೆ ಅವು ಚೆನ್ನಾಗಿಯೇ ಓಡುವುವು. ನಮ್ಮ ಪಾದಚಾರಿ ರಸ್ತೆಯ ಒಂದು ಕಲ್ಲುಸಂದು ಸಿಕ್ಕಿತೆಂದರೆ ಅಲ್ಲಿಯೇ ನಿಲ್ಲುವುವು. ಚಕ್ರವು ದೊಡ್ಡದಾದಷ್ಟೂ ತಗ್ಗುದಿಣ್ಣೆಗಳನ್ನು ಸುಲಭವಾಗಿ ದಾಟುವುದು. ಆದುದರಿಂದ ಐದು ಅಂಗುಲದ ರಬ್ಬರ್ ಗಾಲಿಗಳನ್ನು ತಂದೆವು. ಅವುಗಳಲ್ಲಿ ಎರಡಕ್ಕೆ ತಡೆ ಇರಬೇಕು, ಇಲ್ಲವಾದರೆ ವಾಹನದೊಳಗೆ ಪೆಟ್ಟಿಗೆಯು ತಾನೇ ಪ್ರಯಾಣ ಮಾಡತೊಡಗುವುದು. ಬಡಗಿಯು ಮರದ ತಿರುಪುಗಳನ್ನು ಹಾಕಹೊರಟನು. ಅವು ಕುಲುಕಾಟಕ್ಕೆ ಕಿತ್ತುಬರುವುದರಿಂದ, ಹಲಗೆಯನ್ನು ಹಾಯ್ದುಹೋಗುವ ಬೋಲ್ಟುಗಳೇ ಬೇಕೆಂದು ಮಗನು ಹಟ ಹಿಡಿದು ಹಾಕಿಸಿ, ರಂಧ್ರಗಳ ಸುತ್ತ ಅಂಟು ತುಂಬಿಸಿದನು. ಮುಚ್ಚಿದ ಪೆಟ್ಟಿಗೆಯಲ್ಲಿ ಸಣ್ಣ ತೂತು ಉಳಿದರೂ ಗಾಳಿಯು ಅಲ್ಲಿಂದ ನುಗ್ಗಿ ಹಾವಿನಂತೆ ಬುಸುಗುಟ್ಟುವುದಂತೆ.

ಮೂರನೆಯದು ಮೆಟ್ಟಿಲು. ಮೆಟ್ಟಿಲುಗಳ ಮುಂದೆ ನಾಲ್ಕು ಗಾಲಿಗಳು ನಿಷ್ಪ್ರಯೋಜಕ. ಅಲ್ಲಿಗೆ ಬೇಕಾದುದು ಎರಡು ಚಕ್ರದ ಎತ್ತರದ ಟ್ರಾಲಿ. ಪ್ರತಿ ಕಡೆಗೂ ಮೂರು ಮೂರು ಸಣ್ಣ ಚಕ್ರಗಳು ತ್ರಿಕೋಣವಾಗಿ ಸುತ್ತುವ ಬಗೆಯದು ಸಿಕ್ಕಿದರೆ ಮೆಟ್ಟಿಲಿಂದ ಮೆಟ್ಟಿಲಿಗೆ ತಾನೇ ಉರುಳುವುದು. ಸಾಮಾನನ್ನು ಪಟ್ಟಿಯಿಂದ ಬಿಗಿಯಬೇಕು. ಹತ್ತುವಾಗಲೂ ಇಳಿಯುವಾಗಲೂ ಟ್ರಾಲಿ ಹಿಡಿದವನು ಭಾರಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿರಬೇಕು. ಅದು ಜಾರುವ ದಾರಿಯಲ್ಲಿ ಯಾರೂ ನಿಲ್ಲಬಾರದು. ಆ ರಾತ್ರಿ ನನ್ನ ಮಗನು ನಿಂತಿದ್ದುದು ಸರಿಯಾಗಿ ಅಲ್ಲಿಯೇ.

ನಾಲ್ಕನೆಯದು ಎತ್ತುವ ಕ್ರಮ. ನಮ್ಮ ಬೆನ್ನು ಒಂದು ಸನ್ನೆಗೋಲು. ೨೦ ಕಿಲೋ ಭಾರವನ್ನು ದೇಹದಿಂದ ಒಂದು ಗೇಣು ದೂರದಲ್ಲಿ ಹಿಡಿಯುವುದಕ್ಕಿಂತ ಎರಡು ಗೇಣು ದೂರದಲ್ಲಿ ಹಿಡಿದರೆ, ಆ ಭಾರವು ಸೊಂಟದ ಮೇಲೆ ಹಾಕುವ ಎಳೆತವು ಎರಡರಷ್ಟಾಗುವುದು. ಆದುದರಿಂದ ಮೊಣಕಾಲು ಮಡಿಸಿ, ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, ಕಾಲುಗಳ ಬಲದಿಂದ ಏಳಬೇಕು. ಹೊತ್ತುಕೊಂಡು ನಡುವನ್ನು ತಿರುಚಬಾರದು. ವಾಲ್ವಿನ ಯಂತ್ರವಾದರೆ, ಕಾರ್ಯಕ್ರಮ ಮುಗಿದ ಮೇಲೆ ಅದು ತಣಿಯುವವರೆಗೆ ಕಾಯಬೇಕು. ಬಿಸಿಯಾದ ವಾಲ್ವಿಗೆ ಕುಲುಕಾಟ ಸೇರದು. ಅಷ್ಟು ಹೊತ್ತು ಕಾಯುವುದರಿಂದ ಹೊರುವವನ ದಣಿವೂ ಆರುವುದು.

ಇಷ್ಟೆಲ್ಲ ಮಾಡಿದ ಮೇಲೂ ೬೪ ಎಂಬುದು ೬೪ ಆಗಿಯೇ ಉಳಿದಿದ್ದಿತು. ನಾವಿಬ್ಬರೂ ಪಟ್ಟಿಯನ್ನು ನೋಡುತ್ತ ಕುಳಿತಿದ್ದ ಒಂದು ಸಂಜೆ ಮಗನು ಇದ್ದಕ್ಕಿದ್ದಂತೆ ಹೇಳಿದನು: “ಅಪ್ಪಾ, ನೀವೇ ಕಲಿಸಿದ್ದಲ್ಲವೇ? ಗುರು ಇದ್ದ ಕಡೆ ಎರಡು ಲಘು ಹಾಕಬಹುದು. ಈ ಒಂದು ಪೆಟ್ಟಿಗೆಯ ಬದಲಿಗೆ ಎರಡು ಸಣ್ಣವನ್ನು ತಂದರೆ?” ಏಳನೆಯ ತರಗತಿಯಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಲಾರದೆ ನನ್ನಿಂದ ಕಿವಿ ಹಿಂಡಿಸಿಕೊಂಡ ಹುಡುಗನೀತನು. ನನಗೆ ಆದ ಸಂತೋಷವನ್ನು ಉಪಾಧ್ಯಾಯರಾಗಿದ್ದವರು ಮಾತ್ರ ಬಲ್ಲರು.

ಎರಡು ಸಣ್ಣ ಪೆಟ್ಟಿಗೆಗಳನ್ನು ಸೇರಿಸುವುದರಲ್ಲಿಯೂ ಒಂದು ಛಂದೋನಿಯಮವಿದೆ. ಅದನ್ನು ಮೀರಿದರೆ ಯಂತ್ರವು ಸುಟ್ಟುಹೋದೀತು. ಒಂದೊಂದು ಪೆಟ್ಟಿಗೆಯೂ ೮ ಓಮಿನದಾದರೆ, ಎರಡನ್ನೂ ಸಮಾನಾಂತರವಾಗಿ ಜೋಡಿಸಿದಾಗ ಅವು ಕೂಡಿ ೪ ಓಮು ಆಗುವುವು, ೧೬ ಅಲ್ಲ. ತನ್ನ ಯಂತ್ರವು ಎಷ್ಟು ಓಮಿನವರೆಗೆ ತಾಳಬಲ್ಲದೆಂಬುದನ್ನು ಅದರ ಬೆನ್ನ ಮೇಲೆ ಬರೆದಿರುವರು. ಅದಕ್ಕಿಂತ ಕೆಳಗೆ ಇಳಿಯಕೂಡದು.

ಸಣ್ಣ ಪೆಟ್ಟಿಗೆಗಳು ಹಗುರವೂ ಆಗಲು ಹೊಸ ವಿದ್ಯೆಯು ನೆರವಾಗಿದೆ. ಹಳೆಯ ಸ್ಪೀಕರುಗಳ ಬೆನ್ನಲ್ಲಿ ದೋಸೆಕಲ್ಲಿನಂತಹ ಫೆರೈಟ್ ಅಯಸ್ಕಾಂತವಿರುವುದು. ೧೯೮೦ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಮಸಾತೊ ಸಗಾವಾ ಅವರೂ ಅಮೆರಿಕದ ಜಾನ್ ಕ್ರೋಟ್ ಅವರೂ ಬೇರೆಬೇರೆಯಾಗಿ ನಿಯೋಡಿಮಿಯಮ್, ಕಬ್ಬಿಣ, ಬೋರಾನುಗಳನ್ನು ಕೂಡಿಸಿದ ಅಯಸ್ಕಾಂತವನ್ನು ಕಂಡುಹಿಡಿದರು. ಅಷ್ಟೇ ಗಾತ್ರದ ಫೆರೈಟಿಗಿಂತ ಅದರ ಶಕ್ತಿ ಸುಮಾರು ಹತ್ತರಷ್ಟು. ಹೀಗಾಗಿ ಒಂದೊಂದು ಸ್ಪೀಕರಿನಲ್ಲಿಯೂ ಎರಡು ಮೂರು ಕಿಲೋ ಉಳಿಯುವುದು.

ಹೆಡ್ಡಿನ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಭಾರವೆಲ್ಲ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿದೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತ ಸುತ್ತುವುದು. ಅಷ್ಟು ನಿಧಾನದ ವಿದ್ಯುತ್ತನ್ನು ಪಳಗಿಸಲು ದೊಡ್ಡ ಕಬ್ಬಿಣವೇ ಬೇಕು. ಹೊಸ ಯಂತ್ರಗಳು ಅದನ್ನು ಮೊದಲು ಸೆಕೆಂಡಿಗೆ ಲಕ್ಷದ ಎಣಿಕೆಯಲ್ಲಿ ಕತ್ತರಿಸಿಕೊಳ್ಳುವುವು; ಆಗ ನಿಂಬೆಹಣ್ಣಿನಷ್ಟು ಟ್ರಾನ್ಸ್‌ಫಾರ್ಮರು ಸಾಕು. ಜೊತೆಗೆ ‘ಕ್ಲಾಸ್ ಡಿ’ ಎಂಬ ವಿಧಾನವುಂಟು. ಹಳೆಯ ಕ್ರಮವು ಅರ್ಧ ತೆರೆದ ನಲ್ಲಿಯಂತೆ, ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಬಿಸಿಯಾಗಿ ಪೋಲಾಗುವುದು. ಹೊಸ ಕ್ರಮದಲ್ಲಿ ನಲ್ಲಿಯು ಪೂರ್ಣ ತೆರೆದಿರುವುದು, ಇಲ್ಲವೇ ಪೂರ್ಣ ಮುಚ್ಚಿರುವುದು. ಸೆಕೆಂಡಿಗೆ ಲಕ್ಷಾಂತರ ಸಲ ಹೀಗೆ ತೆರೆದು ಮುಚ್ಚಿ ಧ್ವನಿಯನ್ನು ರೂಪಿಸುವುದು. ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಕೆಲಸಕ್ಕೆ ಬರುವುದರಿಂದ, ಬಿಸಿಯನ್ನು ಹೊರಹಾಕುವ ಭಾರವಾದ ಲೋಹವೂ ಬೇಡವಾಗುವುದು. ಮಗನು ಕೊಂಡ ಯಂತ್ರ ೫೦೦ ವಾಟಿನದು. ತೂಕ ಎರಡೂವರೆ ಕಿಲೋ. ಅದನ್ನು ಅಮರಕೋಶದೊಡನೆ ನನ್ನ ಮೇಜಿನ ಮೇಲಿಟ್ಟರೆ ಯಾವುದು ಪುಸ್ತಕವೆಂದು ಕೇಳಬೇಕು.

ಇಷ್ಟಾದರೂ ಲಾಭವೇ ಎಲ್ಲ, ನಷ್ಟವಿಲ್ಲವೆಂದು ಹೇಳಿದರೆ ಅಸತ್ಯವಾದೀತು. ಹಾಫ್‌ಮನ್ ಎಂಬ ಅಮೆರಿಕದ ಧ್ವನಿತಜ್ಞರ ಹೆಸರಿನಲ್ಲಿ ಒಂದು ನಿಯಮವುಂಟು: ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ಶಕ್ತಿಯಲ್ಲಿ ದೊಡ್ಡ ಧ್ವನಿ, ಈ ಮೂರರಲ್ಲಿ ಯಾವುವಾದರೂ ಎರಡು ದೊರೆಯುವುವು, ಮೂರೂ ಒಟ್ಟಿಗೆ ದೊರೆಯವು. ಸಣ್ಣ ಪೆಟ್ಟಿಗೆಯವನು ಹೆಚ್ಚು ವಾಟುಗಳನ್ನು ಸುರಿದು ಆ ಸಾಲವನ್ನು ತೀರಿಸಬೇಕು. “ದೊಡ್ಡ ಪೆಟ್ಟಿಗೆಯ ಮುಂದೆ ನಿಂತರೆ ಸ್ವರವು ಕಾಲಿಗೆ ತಗುಲುತ್ತಿತ್ತು, ಅಪ್ಪಾ. ಇದು ಕಿವಿಗೆ ಮಾತ್ರ ಕೇಳಿಸುತ್ತದೆ” ಎಂದು ಮಗನು ಒಮ್ಮೆ ನಿಟ್ಟುಸಿರಿಟ್ಟನು. ಇನ್ನೊಂದು ಕೊರತೆ ರಿಪೇರಿಯದು. ವಾಲ್ವಿನ ಯಂತ್ರ ಕೆಟ್ಟರೆ, ಬಲ್ಲ ಕೈಯವರು ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಬೆಸುಗೆ ಹಾಕಿ ಕೊಡಬಲ್ಲರು. ಹೊಸದರೊಳಗಿನ ಭಾಗಗಳು ಸಾಸಿವೆಯಷ್ಟು. ಅನೇಕ ಸಲ ಇಡೀ ಹಲಗೆಯನ್ನೇ ಬದಲಾಯಿಸಬೇಕು. ಹಗುರವಾದುದಕ್ಕೆ ಆಯುಸ್ಸೂ ಹಗುರವಾದೀತೆಂಬ ಭಯ ನನಗಿದೆ.

ಆದರೂ ಸಂಗೀತಗಾರನ ಭಾರವನ್ನು ಇಳಿಸಿದ ಪುಣ್ಯದಲ್ಲಿ ನಮ್ಮ ಊರಿಗೂ ಒಂದು ಪಾಲುಂಟು. ೧೯೭೯ರಲ್ಲಿ ವೇಣುವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ ಅವರು ಬೆಂಗಳೂರಿನಲ್ಲಿ ವಿದ್ಯುತ್ ತಂಬೂರಿಯನ್ನು ನಿರ್ಮಿಸಿದರು. ಸೋರೆಬುರುಡೆ ಒಡೆದೀತೆಂದು ರೈಲಿನಲ್ಲಿ ತಂಬೂರಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಹೋಗುತ್ತಿದ್ದವರಿಗೆ ಆ ಪುಟ್ಟ ಪೆಟ್ಟಿಗೆಯು ಎಷ್ಟು ಉಪಕಾರ ಮಾಡಿತು! ನಿಜವಾದ ತಂಬೂರಿಯ ನಾದವು ಅದರಲ್ಲಿಲ್ಲವೆಂದು ವಿದ್ವಾಂಸರು ಆಡುವ ಮಾತೂ ಸುಳ್ಳಲ್ಲ. ತಂಬೂರಿಯು ಮನೆಯಲ್ಲಿ ಉಳಿಯಿತು. ಪೆಟ್ಟಿಗೆಯು ಪ್ರಯಾಣ ಮಾಡಿತು. ನಾವೂ ಈ ದಾರಿಯನ್ನೇ ಹಿಡಿದೆವು. ದೊಡ್ಡ ಪೆಟ್ಟಿಗೆಯನ್ನೂ ವಾಲ್ವಿನ ಹೆಡ್ಡನ್ನೂ ಮಾರಲಿಲ್ಲ. ಹುಡುಗರು ಅಭ್ಯಾಸ ಮಾಡುವ ಸ್ನೇಹಿತನ ಮನೆಯ ನೆಲಮಹಡಿಯ ಕೋಣೆಗೆ ಐದು ಅಂಗುಲದ ಚಕ್ರಗಳ ಮೇಲೆ ಅವುಗಳ ಕೊನೆಯ ಪ್ರಯಾಣವಾಯಿತು. ದೊಡ್ಡದು ಸ್ಥಾವರವಾಗಿ ಅಲ್ಲಿ ನಿಂತಿತು, ಸಣ್ಣವೆರಡು ಜಂಗಮವಾದುವು.

ಹೊಸ ಲೆಕ್ಕ ಹೀಗಿದೆ: ಎರಡು ಪೆಟ್ಟಿಗೆಗಳು, ತಲಾ ೧೪ ಕಿಲೋ, ಹೆಡ್ ಎರಡೂವರೆ, ಮೆತ್ತನೆಯ ಚೀಲದಲ್ಲಿ ಗಿಟಾರು ಐದೂವರೆ, ತಂತಿಗಳು ೪. ಒಟ್ಟು ೪೦ ಕಿಲೋ. ಮೊದಲಿನ ಮೂರನೆಯ ಒಂದು ಪಾಲು. ಚಿಕ್ಕ ಸಭೆಯಾದರೆ ಒಂದೇ ಪೆಟ್ಟಿಗೆ, ಆಗ ೨೬.

ಬೆರಳು ಕೂಡಿಕೊಂಡಿತು, ತುದಿಯಲ್ಲಿ ಸ್ವಲ್ಪ ಬಿಗುವು ಉಳಿದಿದೆ. ಆರು ವಾರಗಳ ಬದಲು ಒಂಬತ್ತು ವಾರಗಳ ಮೇಲೆ ಅವನು ಪುನಃ ವೇದಿಕೆ ಹತ್ತಿದನು. ಆ ದಿನ ಒಂದು ಪೆಟ್ಟಿಗೆಯನ್ನು ಅವನು ಹಿಡಿದನು, ಒಂದನ್ನು ನಾನು ಹಿಡಿದೆನು. ಮೆಟ್ಟಿಲಿನ ತಿರುವಿನಲ್ಲಿ ಇಬ್ಬರೂ ಒಂದು ಕ್ಷಣ ನಿಂತೆವು, ಯಾರೂ ಮಾತನಾಡಲಿಲ್ಲ. ಅವನು ನುಡಿಸುವುದನ್ನು ಕೇಳಲು ನಾನು ಹೋದುದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಕುಳಿತೆನು. ಹಾಡು ನನಗೆ ತಿಳಿಯಲಿಲ್ಲ. ಆದರೆ ಎಲ್ಲ ಗದ್ದಲದ ಕೆಳಗೆ ಒಂದು ಮಂದ್ರಸ್ವರವು ತಾಳ ತಪ್ಪದೆ ನಡೆಯುತ್ತಿದ್ದುದು ನನಗೆ ಕೇಳಿಸಿತು.

ಮನೆಗೆ ಬಂದು ಈ ವಿಜಯವಾರ್ತೆಯನ್ನು ಮನೆಯವಳಿಗೆ ಸವಿಸ್ತಾರವಾಗಿ ಹೇಳಿದೆನು. ಅವಳು ಎಲ್ಲವನ್ನೂ ಕೇಳಿ ಇಷ್ಟೇ ಅಂದಳು: “ಒಳ್ಳೆಯದಾಯಿತು. ಮಗನ ಪೆಟ್ಟಿಗೆಗೆ ಚಕ್ರ ಬಂತು. ಮೂವತ್ತು ವರ್ಷದಿಂದ ಬಾಗಿಲಿನಿಂದ ಅಡಿಗೆಮನೆಗೆ ನಾನು ಎಳೆಯುತ್ತಿರುವ ಸಿಲಿಂ‍ಡರಿನ ತೂಕ ನಿಮ್ಮ ಪಟ್ಟಿಯಲ್ಲಿ ಇತ್ತಲ್ಲವೇ? ಅದಕ್ಕೆ?”

ಇದ್ದಿತು. ನಾನೇ ಬರೆದಿದ್ದೆನು, ಉಪಮಾನವಾಗಿ. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಸಿಲಿಂಡರಿನ ಕೆಳಗಿಡುವ ಚಕ್ರದ ಸ್ಟ್ಯಾಂಡನ್ನು ತಂದೆನು. ವಾಚಕರು ತಮ್ಮ ಮನೆಯ ಭಾರಗಳನ್ನು ಒಮ್ಮೆ ಪಟ್ಟಿಮಾಡಿ ನೋಡಬೇಕೆಂದು ಕೋರುತ್ತೇನೆ. ಒಂದೊಂದರ ಮುಂದೆಯೂ ಅದು ಎಷ್ಟು ತೂಗುವುದೆಂದು ಬರೆದರೆ ಸಾಲದು. ಅದನ್ನು ದಿನವೂ ಎತ್ತುವವರು ಯಾರೆಂದೂ ಬರೆಯಬೇಕು.